ಕೊಡುವುದೂ ಕೇಳುವುದೂ

ಮೊನ್ನೆ ಚಿತ್ರದುರ್ಗದ ನಮ್ಮ ಕಾಲೇಜಿನಲ್ಲಿ ಅನುವಾದದ ಪಾಠ ನಡೆಯುತ್ತಿತ್ತು. ಹಿರಿಯೂರಿನಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ಹುಡುಗನೊಬ್ಬ ಎದ್ದುನಿಂತು, “ಸಾರ್, ‘ಕನ್ಫರ್’ ಅಂದರೆ ಕನ್ನಡದಲ್ಲಿ ಏನು?” ಎಂದ.

“ಪ್ರದಾನ ಮಾಡು” ಎಂದೆ.

“ನಿಘಂಟಿನಲ್ಲಿ ‘ಸಮಾಲೋಚಿಸು’ ಅಂತಲೂ ಇದೆಯಲ್ಲ ಸಾರ್? ಕೊಡೋದಕ್ಕೂ ಕೂತು ಮಾತಾಡೋದಕ್ಕೂ ಏನು ಸಂಬಂಧ?”

ಸಂಬಂಧ ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ಮೂಲ ಧಾತುವಿನ ಅರ್ಥ ‘ಒಟ್ಟಿಗೆ ತರು’. ನಾಲ್ಕು ಜನ ತಂತಮ್ಮ ಮಾತನ್ನು ಒಂದೆಡೆಗೆ ತಂದರೆ ಸಮಾಲೋಚನೆ. ಎರಡು ಪಾಠಗಳನ್ನು ಪಕ್ಕಪಕ್ಕಕ್ಕೆ ತಂದರೆ ಹೋಲಿಕೆ. ಅಡಿಟಿಪ್ಪಣಿಗಳಲ್ಲಿ ಕಾಣುವ ‘ಸಿ.ಎಫ್.’ ಈ ಪದದ ಗಿಡ್ಡ ರೂಪವೇ. ತಂದದ್ದನ್ನು ಒಬ್ಬರಿಗೆ ಒಪ್ಪಿಸಿದರೆ ಪ್ರದಾನ. ಇಂಗ್ಲಿಷಿನಲ್ಲಿ ಇದರ ಮುಂದೆ ‘ಆನ್’ ಬಂದರೆ ಕೊಡುವುದು, ‘ವಿತ್’ ಬಂದರೆ ಕೂಡಿ ಮಾತಾಡುವುದು. ಒಂದು ‘ಮೇಲೆ’, ಇನ್ನೊಂದು ‘ಜೊತೆ’.

ನಮ್ಮ ಆಹ್ವಾನಪತ್ರಿಕೆಗಳಲ್ಲಿ ‘ಪ್ರಶಸ್ತಿ ಪ್ರಧಾನ’ ಎಂದು ಅಚ್ಚಾಗುವುದುಂಟು. ದಕಾರದ ಹೊಟ್ಟೆ ಸೀಳಿದೊಡನೆ ಕೊಡುವುದು ಹೋಗಿ ದೊಡ್ಡಸ್ತಿಕೆ ಬಂದುಬಿಡುತ್ತದೆ! ಶಾಸನಗಳ ದಾನ ಹಾಗಲ್ಲ, ‘ಧಾರಾಪೂರ್ವಕ’. ನೀರೆರೆಯುವ ಕೈಯ ಕೆಳಗೆ ಒಡ್ಡಿದ ಇನ್ನೊಂದು ಕೈ ಇರಲೇಬೇಕು. ಮದುವೆಯ ಧಾರೆಯೂ ಹಾಗೆಯೇ. ಆದರೂ ನಮ್ಮಲ್ಲಿ ಹೆಣ್ಣು ಕೇಳುವವರು ಬಹಳ, ಹೆಣ್ಣನ್ನು ಕೇಳುವವರು ಕಡಮೆ.

ಹುಡುಗರು ನಕ್ಕರು. ನಾನೂ ನಕ್ಕೆ, ನಗು ಮುಗಿಯುವ ಮೊದಲೇ ಅಮ್ಮನ ನೆನಪಾಯಿತು.

ಅಪ್ಪ ತೀರಿಕೊಂಡ ಮೇಲೆ, ಮೂರು ವರ್ಷದ ಹಿಂದೆ, ಹೊಸದುರ್ಗದ ಕಡೆಯ ಹಳ್ಳಿಯಿಂದ ಅವಳನ್ನು ಇಲ್ಲಿಗೆ ಕರೆತಂದೆ. ಮನೆಯನ್ನೂ ಹಿತ್ತಿಲ ಆರು ತೆಂಗಿನ ಮರಗಳನ್ನೂ ಮಾರುವ ವ್ಯವಹಾರ ಕುದುರಿದ ಮೇಲೆಯೇ ಅವಳಿಗೆ ತಿಳಿಸಿದ್ದು. ಸಹಿ ಹಾಕು ಎಂದಾಗ ಮರುಮಾತಿಲ್ಲದೆ ಹಾಕಿದಳು. ಬಸ್ಸು ಹೊಳಲ್ಕೆರೆ ದಾಟುವವರೆಗೂ ಬಾಯಿ ಬಿಡಲಿಲ್ಲ. ಆಮೇಲೆ, “ಮರಕ್ಕೆ ನೀರು ಹಾಕ್ತಾರಂತಾ?” ಎಂದಳು. ನನಗೆ ಗೊತ್ತಿರಲಿಲ್ಲ.

ಇಲ್ಲಿ ಅವಳಿಗೆಂದೇ ಕೋಣೆ, ಹೊಸ ಮಂಚ, ಫ್ಯಾನು, ಎಲ್ಲವನ್ನೂ ಅಣಿಮಾಡಿದ್ದೆ. ಸುತ್ತಲೂ ನೋಡಿ, “ಎಲ್ಲಾ ಚೆನ್ನಾಗೈತೆ ಕಣಪ್ಪ. ಒಂದು ಮಾತು ಕೇಳಿದ್ದಿದ್ರೆ ನಾನೂ ಹೂಂ ಅಂತಿದ್ದೆ” ಎಂದಿದ್ದಳು. ಆಗ ಅದನ್ನು ಮುದುಕರ ಗೊಣಗಾಟವೆಂದುಕೊಂಡೆ. ಕೇಳುವುದೆಂದರೆ ಪ್ರಶ್ನಿಸುವುದೂ ಹೌದು, ಕಿವಿಗೊಡುವುದೂ ಹೌದು. ಅದನ್ನು ಪಾಠ ಹೇಳುವವನಾದ ನಾನು ಎರಡನ್ನೂ ಮಾಡಿರಲಿಲ್ಲ.

ಸಂಜೆ ಮನೆಗೆ ಬಂದವನೇ, “ಅಮ್ಮ, ಈ ಭಾನುವಾರ ಊರಿಗೆ ಹೋಗಿಬರೋಣವಾ?” ಎಂದೆ.

ಅವಳು ಬಿಡಿಸುತ್ತಿದ್ದ ಅವರೆಕಾಯಿಯಿಂದ ತಲೆ ಎತ್ತಿ, “ಯಾರ ಮನೆಗೆ ಅಂತ ಹೋಗೋದಪ್ಪ?” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಕೇಳಿದೆಯಲ್ಲ, ಕೂತ್ಕೋ” ಎಂದು ಮೊರವನ್ನು ನನ್ನ ಕಡೆಗೂ ಸರಿಸಿದಳು.