ಸುಂಕದವನ ಮುಂದೆ ಒಡವೆಯ ಪೆಟ್ಟಿಗೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು ಎಂಬುದು ಹಿರಿಯರ ಅನುಭವದ ಮಾತು. ಎತ್ತಿನ ಬೆನ್ನಿಗೆ ಹೇರು ಹೇರಿ ಘಟ್ಟ ಹತ್ತಿಳಿಯುತ್ತಿದ್ದ ಕಾಲದ ಗಾದೆ ಅದಿರಬೇಕು. ಕಟ್ಟೆಯ ಮೇಲೆ ಕುಳಿತವನಿಗೆ ಬೇಕಾದದ್ದು ಹೇರಿನ ಲೆಕ್ಕವೇ ಹೊರತು ಹೇರಿದವನ ಕಥೆಯಲ್ಲ. ಆದುದರಿಂದ ಆದಷ್ಟನ್ನು ಮುಚ್ಚಿಟ್ಟು ದಾಟಿಹೋಗುವುದೇ ಜಾಣತನವೆಂಬ ಎಣಿಕೆ ಜನಮನದಲ್ಲಿ ಬೇರೂರಿತು. ಎತ್ತು ಹೋಗಿ ವಿಮಾನ ಬಂದಿದೆ. ಎಣಿಕೆ ಮಾತ್ರ ಇದ್ದಲ್ಲಿಯೇ ಇದೆ.

ಈ ಅಂಜಿಕೆಗೆ ಕಾರಣವಿಲ್ಲದಿಲ್ಲ. 1963ರಲ್ಲಿ ಸ್ವರ್ಣ ನಿಯಂತ್ರಣದ ನಿಯಮಗಳು ಬಂದಾಗ ಹದಿನಾಲ್ಕು ಕ್ಯಾರಟ್ಟಿಗಿಂತ ಅಪ್ಪಟವಾದ ಒಡವೆಯನ್ನು ಅಕ್ಕಸಾಲಿಗ ಮಾಡುವಂತಿರಲಿಲ್ಲ. 1968ರ ಸ್ವರ್ಣ ನಿಯಂತ್ರಣ ಕಾಯಿದೆ 1990ರವರೆಗೂ ಬಾಳಿತು. ವಿದೇಶೀ ಹಣದ ಮೇಲೆ 1973ರ ಕಟ್ಟುನಿಟ್ಟಿನ ಕಾಯಿದೆಯಿತ್ತು. 1999ರಲ್ಲಿ ಅದರ ಜಾಗಕ್ಕೆ ಮೃದುವಾದ ಇನ್ನೊಂದು ಕಾಯಿದೆ ಬರುವವರೆಗೆ ಒಂದು ಡಾಲರು ಕೈಯಲ್ಲಿದ್ದರೂ ಎದೆ ಡವಗುಟ್ಟುತ್ತಿತ್ತು. ಎಂಟು ಡಾಲರನ್ನು ಜೇಬಿನಲ್ಲಿಟ್ಟುಕೊಂಡು ಅಮೆರಿಕಕ್ಕೆ ಓದಲು ಹೊರಟ ಕಥೆಯನ್ನು ಆ ಪೀಳಿಗೆಯವರು ಇಂದಿಗೂ ಹೇಳುವುದುಂಟು. ಚಿನ್ನ, ರೊಕ್ಕ, ಸರಕಾರ ಎಂಬ ಮೂರು ಮಾತುಗಳನ್ನು ಒಟ್ಟಿಗೆ ಕೇಳಿದರೆ ಹಳಬರು ದನಿ ತಗ್ಗಿಸುವುದು ಅದಕ್ಕಾಗಿಯೇ.

ಊರು ಬಿಟ್ಟು ಹೋಗುವುದು ಕೊಡಗಿಗೆ ಹೊಸದಲ್ಲ. ಸೈನ್ಯಕ್ಕೆ ಹೊರಟ ಮಗನನ್ನು ಕಳುಹಿಸಿಕೊಡದ ಮನೆ ಅಲ್ಲಿ ವಿರಳ. ಆದರೆ ಸಿಪಾಯಿಯ ಪೆಟ್ಟಿಗೆ ಹಗುರ. ರಜೆ ಬಂದಾಗ ಅವನು ಮನೆಗೆ ಬರುತ್ತಾನೆ. ಸಂಸಾರಸಮೇತ ಕೆನಡದಲ್ಲಿಯೋ ಆಸ್ಟ್ರೇಲಿಯದಲ್ಲಿಯೋ ನೆಲೆಸಲು ಹೊರಟವನ ಪೆಟ್ಟಿಗೆ ಬೇರೆ ಬಗೆಯದು. ಅದರಲ್ಲಿ ಮನೆಯೇ ಅಡಗಿ ಕುಳಿತಿರುತ್ತದೆ.

ವಾಚಕರು ಅಂಥದೊಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಲಿ. ವಿರಾಜಪೇಟೆಯ ಆಚೆ, ಕಾಫಿ ತೋಟದ ನಡುವೆ, ಹೆಂಚಿನ ಮನೆ. ಮಗ, ಸೊಸೆ, ಇಬ್ಬರು ಮಕ್ಕಳು ಇನ್ನು ಹದಿನೈದು ದಿನಗಳಲ್ಲಿ ಕೆನಡಕ್ಕೆ ಹೊರಡುವವರು. ಊಟದ ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿದೆ. ಅದರ ಮೇಲೆ ಒಡವೆಗಳು. ನಾಣ್ಯದ ಸುತ್ತ ಕೆಂಪು ಕಟ್ಟಿ, ನಾಗರಹೆಡೆಯಿಟ್ಟ ಪತ್ತಾಕ್. ಒಳಗೆ ಅರಗು ತುಂಬಿದ ಚಿನ್ನದ ಗುಂಡುಗಳ ಜೋಮಾಲೆ. ಬಾಲಚಂದ್ರನ ಆಕಾರದ ಕೊಕ್ಕೆತಾತಿ. ಗಂಡಸರ ಸೊಂಟದ ಚೇಲೆಗೆ ಸಿಕ್ಕಿಸುವ, ಬೆಳ್ಳಿಯ ಒರೆಯ ಪೀಚೆಕತ್ತಿ. ಪಕ್ಕದಲ್ಲಿ ಒಂದು ನೋಟುಪುಸ್ತಕ. ಮಗ ಬರೆಯುತ್ತಾನೆ, ಅವ್ವ ನೋಡುತ್ತಾಳೆ.

“ಇದೆಲ್ಲವನ್ನೂ ಅವರಿಗೆ ಹೇಳಬೇಕೇನೋ?” ಎಂದು ಅವ್ವ ಕೇಳುತ್ತಾಳೆ. “ಹೇಳಿದರೆ ಕಿತ್ತುಕೊಳ್ಳುವುದಿಲ್ಲವೆ?”

“ಹೇಳಿದರೆ ಬರೆದುಕೊಳ್ಳುತ್ತಾರೆ, ಅವ್ವಾ. ಕಿತ್ತುಕೊಂಡರೆ, ಅದು ಹೇಳದಿದ್ದುದಕ್ಕೆ.”

ಮಗನ ಮಾತಿನಲ್ಲಿ ಇಡೀ ಶಾಸ್ತ್ರವೇ ಅಡಗಿದೆ. ಕೆನಡದಲ್ಲಿ ಕಾಲಿಡುವವರು 10,000 ಕೆನಡ ಡಾಲರನ್ನಾಗಲಿ ಅದಕ್ಕೆ ಮೇಲ್ಪಟ್ಟ ಹಣವನ್ನಾಗಲಿ ತಂದಿದ್ದರೆ ತಿಳಿಸಲೇಬೇಕು. ನೋಟುಗಳಷ್ಟೇ ಅಲ್ಲ, ಬ್ಯಾಂಕ್ ಡ್ರಾಫ್ಟು, ಪ್ರವಾಸಿ ಚೆಕ್ಕುಗಳೂ ಆ ಲೆಕ್ಕಕ್ಕೆ ಸೇರುತ್ತವೆ. ತಿಳಿಸಿದ ಹಣಕ್ಕೆ ತೆರಿಗೆಯಿಲ್ಲ, ತರಬಾರದೆಂಬ ನಿಷೇಧವಿಲ್ಲ. ಅಮೆರಿಕದ ಗೆರೆ 10,000 ಡಾಲರು. ಅದನ್ನು ಮೀರಿದರೆ ಬರೆದುಕೊಡಬೇಕು. ಅಲ್ಲಿ ಇನ್ನೊಂದು ಸೂಕ್ಷ್ಮವಿದೆ: ಒಟ್ಟಿಗೆ ಬರುವ ಕುಟುಂಬದ ಹಣವೆಲ್ಲ ಒಂದೇ ಗಂಟು. ಭಾರತದಿಂದ ಹೊರಡುವವರು ಒಂದು ಪಯಣಕ್ಕೆ ಸಾಮಾನ್ಯವಾಗಿ ತಲಾ 3,000 ಡಾಲರಿನ ನೋಟು ಒಯ್ಯಬಹುದು. ನಾಲ್ವರು ಹೀಗೆ ಹಂಚಿಕೊಂಡು ಹೋದರೂ ಅಮೆರಿಕದ ಅಧಿಕಾರಿಯ ಕಣ್ಣಿಗೆ ಅದು ಒಂದು ಮನೆಯ 12,000.

ಒಡವೆಯ ದಾರಿ ಬೇರೆ. ನೆಲೆಸಲು ಬರುವವನು ತಾನು ಮೊದಲೇ ಹೊಂದಿ ಬಳಸಿದ ವಸ್ತುಗಳ ಪಟ್ಟಿಯನ್ನು ಮೊದಲ ದಿನವೇ ಕೆನಡದ ಸುಂಕದ ಅಧಿಕಾರಿಗೆ ಒಪ್ಪಿಸಬೇಕು. ಜೊತೆಯಲ್ಲಿ ತಂದದ್ದಕ್ಕೆ ಒಂದು ಪಟ್ಟಿ, ಮುಂದೆ ತರಿಸಿಕೊಳ್ಳುವುದಕ್ಕೆ ಇನ್ನೊಂದು. ಎರಡನೆಯ ಪಟ್ಟಿಯಲ್ಲಿ ಇಲ್ಲದ್ದು ಆಮೇಲೆ ಬಂದರೆ ಸುಂಕ ಬೀಳಬಹುದು. ಒಂದೇ ವಸ್ತುವಿನ ಬೆಲೆ 10,000 ಕೆನಡ ಡಾಲರನ್ನು ಮೀರಿದರೆ ಮೀರಿದ ಭಾಗಕ್ಕೆ ತೆರಿಗೆಯುಂಟು. ‘ಹಳೆಯ ಸರ, ಒಂದು’ ಎಂದು ಬರೆದರೆ ಸಾಲದು. ಒಡವೆಯ ವರ್ಣನೆ, ಛಾಯಾಚಿತ್ರ, ಬೆಲೆ ಕಟ್ಟಿಸಿದ ಪತ್ರ ಇದ್ದರೆ ಚೆನ್ನ. ಜೋಮಾಲೆಯ ವಿಷಯದಲ್ಲಂತೂ ತಕ್ಕಡಿಯ ತೂಕ ಚಿನ್ನದ ತೂಕವಲ್ಲ. ಅರಗಿನ ತೂಕವನ್ನು ಕಳೆದು ಬರೆಸದಿದ್ದರೆ ಇಲ್ಲದ ಚಿನ್ನಕ್ಕೂ ಬೆಲೆ ಕಟ್ಟಿದಂತಾದೀತು.

ಇನ್ನು ಮರಳಿ ಬರುವ ದಾರಿ. ಹೋಗುವ ಸಂಭ್ರಮದಲ್ಲಿ ಇದನ್ನು ನೆನೆಯುವವರು ಕಡಿಮೆ. ಒಂದು ವರ್ಷಕ್ಕೆ ಮೇಲ್ಪಟ್ಟು ಹೊರದೇಶದಲ್ಲಿದ್ದು ಬರುವ ಹೆಂಗಸು 40 ಗ್ರಾಂ, ಗಂಡಸು 20 ಗ್ರಾಂ ಒಡವೆಯನ್ನು ಸುಂಕವಿಲ್ಲದೆ ತರಬಹುದು. ಮದುವೆಗೆಂದು ಊರಿಗೆ ಬರುವ ಕೊಡವ ಹೆಣ್ಣಿನ ಕೊರಳಿಗೆ ಆ 40 ಗ್ರಾಂ ಎಲ್ಲಿಗೆ ಸಾಕು? ಆದುದರಿಂದ ಹೊರಡುವ ದಿನ, ಬೆಂಗಳೂರಿನಲ್ಲಾಗಲಿ ಕಣ್ಣೂರಿನಲ್ಲಾಗಲಿ, ವಿಮಾನ ನಿಲ್ದಾಣದ ಸುಂಕದ ಕಚೇರಿಯಲ್ಲಿ ಒಡವೆಗಳನ್ನು ತೋರಿಸಿ ರಫ್ತು ಪ್ರಮಾಣಪತ್ರ ಪಡೆದಿರಬೇಕು. ಇಲ್ಲಿಂದಲೇ ಹೋದ ಒಡವೆ ಇದು ಎಂಬುದಕ್ಕೆ ಆ ಕಾಗದವೇ ಸಾಕ್ಷಿ.

ಇಷ್ಟೆಲ್ಲ ಕೇಳಿದ ಮೇಲೆ, ಹರಸಲು ಬಂದ ನಂಟರೊಬ್ಬರು ಸುಲಭದ ಉಪಾಯ ಹೇಳುವುದು ಇದ್ದದ್ದೇ. “ಇಷ್ಟೊಂದು ರಗಳೆ ಯಾಕೆ? ಸೊಸೆ ಸೀರೆಯೊಳಗೆ ಹಾಕಿಕೊಂಡು ಹೋಗಲಿ. ಯಾರು ನೋಡುತ್ತಾರೆ?”

ಅವ್ವ ಕ್ಷಣಕಾಲ ಸುಮ್ಮನಿದ್ದು ಕೇಳುತ್ತಾಳೆ: “ಕದ್ದು ದಾಟಿಸಿದ ಜೋಮಾಲೆಯನ್ನು ಮೊಮ್ಮಗಳು ಯಾರ ಮದುವೆಗೆ ಹಾಕಿಕೊಂಡು ಬಂದಾಳು?”

ನಂಟರಲ್ಲಿ ಉತ್ತರವಿಲ್ಲ. ಒಮ್ಮೆ ಮುಚ್ಚಿಟ್ಟ ಒಡವೆಯನ್ನು ಮುಂದೆಯೂ ಮುಚ್ಚಿಡಬೇಕಾಗುತ್ತದೆ. ಕಳವಾದರೆ ದೂರು ಕೊಡಲು ಬಾಯಿ ಬಾರದು. ವಿಮೆ ಮಾಡಿಸಹೋದರೆ ಎಲ್ಲಿಂದ ಬಂತೆಂಬ ಪ್ರಶ್ನೆ. ಊರಿಗೆ ತಂದರೆ ಭಯ, ತರದಿದ್ದರೆ ನೋವು. ಹತ್ತು ಜನರೆದುರು ಹಾಕಿಕೊಳ್ಳಲಾಗದ ಮೇಲೆ ಅದು ಒಡವೆಯಾಗಿ ಉಳಿಯಿತೆ?

ಆದರೆ ನಿಜ ಹೇಳುವುದಕ್ಕೂ ಬೆಲೆಯಿದೆ. ಅದನ್ನು ಅವ್ವನೇ ತೆರಬೇಕಾಗಿ ಬರುತ್ತದೆ. ಕೊಕ್ಕೆತಾತಿ ಅವಳ ಅಜ್ಜಿಯ ಅವ್ವನದು. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ಕಲಾಕುಸುರಿಯ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ವಯಸ್ಸು ಸಂಶಯವಾದರೆ ಪುರಾತತ್ವ ಇಲಾಖೆಗೆ ತೋರಿಸಿ, ಪ್ರಾಚ್ಯವಸ್ತುವಲ್ಲವೆಂಬ ಪತ್ರ ಪಡೆಯಬಹುದು. ಇಲ್ಲಿ ಸಂಶಯವೇ ಇಲ್ಲ. ಪೀಚೆಕತ್ತಿಯ ಹಿಡಿ ಆನೆಯ ದಂತದ್ದು. ವನ್ಯಜೀವಿ ಕಾಯಿದೆ ಅದನ್ನೂ ಬಿಡದು. ಮಗ ಪಟ್ಟಿಯಲ್ಲಿ ಎರಡು ಸಾಲುಗಳನ್ನು ಹೊಡೆದುಹಾಕುತ್ತಾನೆ. ಸೊಸೆಯ ಮುಖ ಬಾಡುತ್ತದೆ. ಅವ್ವ ಕೊಕ್ಕೆತಾತಿಯನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡುತ್ತ, “ಹಾಕಿಕೊಳ್ಳಬೇಕೆನಿಸಿದಾಗ ಪುತ್ತರಿಗೆ ಮನೆಗೆ ಬಾ” ಎನ್ನುತ್ತಾಳೆ.

ಕೊಡವರ ಮದುವೆಯಲ್ಲಿ ಸಂಬಂಧ ಕೊಡುವ ಶಾಸ್ತ್ರವೊಂದಿದೆ. ಎರಡೂ ಕಡೆಯ ಅರುವರು ಜನರೆದುರು ನಿಂತು ಪ್ರಶ್ನೋತ್ತರ ನಡೆಸಿ, ಹರಳುಕಲ್ಲುಗಳನ್ನು ಎಣಿಸಿಕೊಟ್ಟು, ಹೆಣ್ಣಿಗೆ ಹೊಸ ಮನೆಯ ಹಕ್ಕನ್ನು ಒಪ್ಪಿಸುತ್ತಾರೆ. ಆ ಪ್ರಶ್ನೆಗಳನ್ನು ಯಾರೂ ಅನುಮಾನವೆಂದು ತಿಳಿಯುವುದಿಲ್ಲ. ಬಾಯಿಬಿಟ್ಟು ಕೇಳಿ, ಬಾಯಿಬಿಟ್ಟು ಹೇಳಿದ ಮೇಲೆಯೇ ಹಕ್ಕು ಹಕ್ಕಾಗುವುದು. ಪರದೇಶದ ಸುಂಕದ ಕಟ್ಟೆಯಲ್ಲಿ ನಿಂತವನಿಗೆ ಅರುವನಿಲ್ಲ. ತನ್ನ ಪರವಾಗಿ ತಾನೇ ಉತ್ತರ ಕೊಡಬೇಕು. ಸುಖದುಃಖವನ್ನು ಅಲ್ಲಿ ಯಾರೂ ಕೇಳುವುದಿಲ್ಲವೆಂಬ ಗಾದೆ ಇಂದಿಗೂ ನಿಜವೇ. ಕೇಳಿದ್ದಕ್ಕೆ ಸರಿಯಾಗಿ ಹೇಳಿದವನು ಮಾತ್ರ ತನ್ನ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು, ತಲೆಯೆತ್ತಿ ಹೊಸ ನಾಡಿಗೆ ನಡೆಯಬಲ್ಲ.