ನೆಲದ ಮೇಲಿನ ಕಮಾನು, ನೆಲದೊಳಗಿನ ಚಿತ್ರ

ಕಲ್ಲಿನಲ್ಲಿ ಕೆತ್ತಿಸಿದ ಕೀರ್ತಿಯು ಅಳಿಯದೆಂದು ಮನುಷ್ಯನು ಬಹುಕಾಲದಿಂದ ನಂಬಿರುವನು. ಈ ನಂಬಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ತಿಳಿಯಬೇಕಾದರೆ, ಪ್ರಾಚೀನ ರೋಮಿನ ಕೊನೆಗಾಲದ ಎರಡು ಬಗೆಯ ಸ್ಮಾರಕಗಳನ್ನು ಜೊತೆಯಾಗಿ ನೋಡಬೇಕೆಂದು ನಮಗೆ ತೋರುತ್ತದೆ. ಒಂದು ಹಗಲ ಬೆಳಕಿನಲ್ಲಿ ತಲೆಯೆತ್ತಿ ನಿಂತಿರುವುದು. ಇನ್ನೊಂದು ನೆಲದೊಳಗಿನ ಕತ್ತಲೆಯಲ್ಲಿ ಅಡಗಿರುವುದು.

ಕೊಲೊಸಿಯಂ ಎಂಬ ಮಹಾ ರಂಗಸ್ಥಳದ ಪಕ್ಕದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯ ವಿಜಯದ ಕಮಾನು ಇದೆ. ಅವನು ಕ್ರಿ. ಶ. 312ರಲ್ಲಿ ಮ್ಯಾಕ್ಸೆಂಟಿಯಸನನ್ನು ಸೋಲಿಸಿದುದರ ನೆನಪಿಗಾಗಿ 315ರಲ್ಲಿ ಇದನ್ನು ಅವನಿಗೆ ಅರ್ಪಿಸಿದರು. ಎತ್ತರ ಸುಮಾರು 21 ಮೀಟರು. ಆದರೆ ಇದರ ಮೇಲಿನ ಸೊಗಸಾದ ಶಿಲ್ಪಗಳಲ್ಲಿ ಅನೇಕವು ಆ ಕಾಲದವಲ್ಲ. ಟ್ರಾಜನ್, ಹೇಡ್ರಿಯನ್, ಮಾರ್ಕಸ್ ಅರೇಲಿಯಸ್ ಎಂಬ ಹಿಂದಿನ ಚಕ್ರವರ್ತಿಗಳಿಗಾಗಿ ಕೆತ್ತಿದ್ದ ಫಲಕಗಳನ್ನು ತಂದು ಕೂರಿಸಿ, ಹಳೆಯ ದೊರೆಗಳ ಮುಖಗಳನ್ನು ತಿದ್ದಿ ಹೊಸ ಮುಖಗಳನ್ನು ಮಾಡಿದರು. ಬೇಟೆಯಾಡಿದವನು ಹೇಡ್ರಿಯನ್, ಮುಖ ಮಾತ್ರ ಬೇರೆಯವರದು! ಕಲ್ಲೇನೋ ಉಳಿಯಿತು; ಕೀರ್ತಿ ಮತ್ತೊಬ್ಬರ ಪಾಲಾಯಿತು.

ಇನ್ನು ನೆಲದೊಳಕ್ಕೆ ಇಳಿಯೋಣ. ಊರೊಳಗೆ ಶವವನ್ನು ಹೂಳಕೂಡದೆಂಬುದು ರೋಮಿನವರ ಕಟ್ಟಳೆ. ಆದುದರಿಂದ ಕ್ರೈಸ್ತರು ಊರ ಹೊರಗಿನ ದಾರಿಗಳ ಬಳಿ, ಮೆದುವಾದ ಕಲ್ಲುನೆಲದಲ್ಲಿ ಉದ್ದುದ್ದವಾದ ಸುರಂಗಗಳನ್ನು ತೋಡಿ, ಗೋಡೆಗಳಲ್ಲಿ ಒಂದರ ಮೇಲೊಂದರಂತೆ ಗೂಡುಗಳನ್ನು ಕೊರೆದು ತಮ್ಮವರನ್ನು ಮಲಗಿಸಿದರು. ಇವೇ ಕ್ಯಾಟಕೋಂಬುಗಳು. ಹಿಂಸೆಗೆ ಅಂಜಿ ಅವರು ಇಲ್ಲಿ ವಾಸವಾಗಿದ್ದರೆಂಬ ಕಥೆ ಸರಿಯಲ್ಲ, ಇವು ಶ್ಮಶಾನಗಳು. ಕಾಲಕ್ರಮದಲ್ಲಿ ಇವುಗಳಲ್ಲಿ ಬಹುಪಾಲು ಮರೆತುಹೋದುವು. 1578ರಲ್ಲಿ ಸಲಾರಿಯಾ ಎಂಬ ದಾರಿಯ ಬಳಿ ನೆಲವನ್ನು ಅಗೆಯುತ್ತಿದ್ದಾಗ ಇಂಥದೊಂದು ಸುರಂಗ ತೆರೆದುಕೊಂಡಿತು. ಅಂದಿನಿಂದ ವಿದ್ವಾಂಸರ ಶೋಧನೆ ಸಾಗಿಬಂದಿದೆ.

ಇಲ್ಲಿಯ ಗೋಡೆಗಳ ಮೇಲೆ ಸುಣ್ಣದ ಬಿಳುಪು, ಕೆಂಪು ಹಸುರು ಗೆರೆಗಳು, ಅವುಗಳ ನಡುವೆ ಕೆಲವೇ ಬೀಸುಗಳಲ್ಲಿ ಬರೆದ ಪುಟ್ಟ ಆಕೃತಿಗಳು. ಕುರಿಮರಿಯನ್ನು ಹೆಗಲ ಮೇಲೆ ಹೊತ್ತ ಕುರುಬ; ಮಹಾಮತ್ಸ್ಯದ ಹೊಟ್ಟೆಯಿಂದ ಹೊರಬಂದ ಯೋನ; ಸಿಂಹಗಳ ನಡುವೆ ನಿಂತ ದಾನಿಯೇಲ; ಗೋರಿಯಿಂದ ಎದ್ದು ಬಂದ ಲಾಜರ. ಪ್ರಿಸ್ಕಿಲ್ಲಾ ಎಂಬ ಶ್ಮಶಾನದಲ್ಲಿ ಮುಸುಕು ಹೊದ್ದ ಹೆಂಗಸೊಬ್ಬಳು ಎರಡು ಕೈಗಳನ್ನೂ ಎತ್ತಿ ಪ್ರಾರ್ಥಿಸುತ್ತಿರುವಳು. ಶಿಲುಬೆಗೇರಿದ ಕ್ರಿಸ್ತನ ಚಿತ್ರವಾದರೋ ಇಲ್ಲಿ ಇಲ್ಲವೆಂದೇ ಹೇಳಬಹುದು. ದುಃಖದಲ್ಲಿದ್ದವರು ದುಃಖವನ್ನು ಬರೆಯಿಸಲಿಲ್ಲ, ಪಾರಾದವರನ್ನು ಬರೆಯಿಸಿದರು.

1955ರಲ್ಲಿ ಬೆಳಕಿಗೆ ಬಂದ ವಿಯಾ ಲಾಟೀನದ ಸುರಂಗದಲ್ಲಿ ಬೈಬಲಿನ ಕಥೆಗಳ ಜೊತೆಗೆ ಗ್ರೀಕರ ವೀರನಾದ ಹರ್ಕ್ಯುಲೀಸನೂ ಇರುವನು. ಗಂಡನಿಗಾಗಿ ಪ್ರಾಣವನ್ನು ತೆತ್ತ ಆಲ್ಸೆಸ್ಟಿಸಳನ್ನು ಅವನು ಮೃತ್ಯುವಿನಿಂದ ಬಿಡಿಸಿ ಮನೆಗೆ ಕರೆತರುವನು. ಸಾವಿತ್ರಿಯ ಕಥೆಯನ್ನು ಕೇಳಿ ಬೆಳೆದ ನಮಗೆ ಈ ಚಿತ್ರದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಕಲಕಿದುದು ಚಿತ್ರವಲ್ಲ. ಬಡವರಿಗೆ ಚಿತ್ರ ಬರೆಯಿಸುವ ಶಕ್ತಿಯೆಲ್ಲಿ? ಅವರು ಗೂಡಿನ ಬಾಯನ್ನು ಮುಚ್ಚಿದ ಹಸಿಗಾರೆಯಲ್ಲಿ ಒಂದು ನಾಣ್ಯವನ್ನೋ ಚಿಪ್ಪನ್ನೋ ಬಟ್ಟಲಿನ ಗಾಜಿನ ತಳವನ್ನೋ ಒತ್ತಿಡುತ್ತಿದ್ದರು. ಕೆಲವೆಡೆ ಮೂಳೆಯಿಂದ ಮಾಡಿದ ಪುಟ್ಟ ಗೊಂಬೆಯನ್ನು ಒತ್ತಿರುವರು. ಹೆಸರಿಲ್ಲದ ಸಾಲುಗೂಡುಗಳ ನಡುವೆ ತಮ್ಮವರ ಗೂಡು ಯಾವುದೆಂದು ತಮಗೆ ತಿಳಿದರೆ ಸಾಕಾಗಿತ್ತು.

ನಮ್ಮ ಮನೆಯಲ್ಲಿಯೂ ಹಿರಿಯರು ಪೆಟ್ಟಿಗೆಯ ತಳದಲ್ಲಿ ಒಂದು ಪುಟ್ಟ ಬೆಳ್ಳಿಯ ಉಡಿದಾರವನ್ನು ಬಹುಕಾಲ ಇರಿಸಿದ್ದರು. ಅದನ್ನು ಕಟ್ಟಿಕೊಂಡಿದ್ದ ಮಗುವಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಇಂದು ಉಡಿದಾರ ಉಂಟು, ಹೆಸರನ್ನು ಬಲ್ಲವರಿಲ್ಲ.

ಚಕ್ರವರ್ತಿಯ ಕಮಾನು ಊರಿಗೆಲ್ಲ ಸಾರುವುದಕ್ಕಾಗಿ ನಿಂತಿತು. ಗಾರೆಯ ಗೊಂಬೆಯನ್ನು ಒಬ್ಬ ತಾಯಿಯ ಕಣ್ಣು ಗುರುತಿಸಿದರೆ ಸಾಕಾಗಿತ್ತು. ಗೃಹಸ್ಥರಾದ ನಮ್ಮ ಕೈಗೆಟಕುವುದು ಈ ಎರಡನೆಯದೇ. ಆದುದರಿಂದ ಮನೆಯಲ್ಲಿ ಹಿರಿಯರು ಇರುವಾಗಲೇ, ಅಗಲಿದ ಚಿಕ್ಕವರ ಹೆಸರುಗಳನ್ನು ಅವರಿಂದ ಕೇಳಿ ಮಕ್ಕಳಿಗೆ ಹೇಳಿಡುವುದು ಒಳ್ಳೆಯದು.