ಸುಲಿತದ ಮನೆಯ ಬಾತಿನ ಮರಿ

ಆ ವರ್ಷ ಸಂಕ್ರಾಂತಿ ಕಳೆದರೂ ನಮ್ಮಲ್ಲಿ ಅಡಿಕೆ ಕೊಯ್ಲು ಮುಗಿದಿರಲಿಲ್ಲ. ತೀರ್ಥಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ಕೊಯ್ಲು ಅಂದರೆ ಮನೆಮಂದಿಗೆಲ್ಲ ಹಗಲೂ ರಾತ್ರಿಯೂ ಒಂದೇ. ಹಗಲಿಡೀ ಕೊನೆ ಇಳಿಸಬೇಕು, ಕತ್ತಲಾದ ಮೇಲೆ ಮೆಟ್ಟುಗತ್ತಿ ಮುಂದೆ ಕೂತು ಸುಲಿಯಬೇಕು, ಸುಲಿದದ್ದನ್ನು ಹಂಡೆಯ ಚೊಗರಿಗೆ ಸುರಿದು ಬೇಯಿಸಬೇಕು, ಬೆಳಗಾಗುತ್ತಲೇ ಅಟ್ಟಕ್ಕೆ ಹೊತ್ತು ಹರಡಬೇಕು. ಸುಲಿತದ ಮನೆಯ ಒಲೆ ಆ ದಿನಗಳಲ್ಲಿ ಆರಿದ್ದೇ ಇಲ್ಲ. ಹೊರಗೆ ಮೈ ಕೊರೆಯುವ ಚಳಿ, ಒಳಗೆ ಹಂಡೆಯ ಸುತ್ತ ಹದವಾದ ಬಿಸಿ. ಆ ಬಿಸಿಯಿಂದಲೇ ಒಂದು ಮರಿ ಬದುಕಿತು.

ನಮ್ಮಲ್ಲಿ ಆಗ ಒಂದು ಜೋಡಿ ಹೆಬ್ಬಾತು ಇದ್ದವು. ಬೂದುಗಂದು ಮೈ, ನೀಳ ಕತ್ತು, ಹಣೆಯ ಮೇಲೆ ಕರಿ ಗುಬುಟು. ಚೀನಾ ತಳಿಯವು. ಬಾತು ಇದ್ದರೆ ಅಂಗಳಕ್ಕೆ ಹಾವು ಸುಳಿಯುವುದಿಲ್ಲ ಎನ್ನುವ ನಂಬಿಕೆ ನಮ್ಮ ಕಡೆ ಇದೆ. ನಮಗಂತೂ ಅವುಗಳ ಕೂಗೇ ದೊಡ್ಡ ಕಾವಲು. ಹೊಸಬರು ಉಣುಗೋಲು ಸರಿಸಿದರೆ ಸಾಕು, ಇಡೀ ಕಣಿವೆಗೆ ಕೇಳುವ ಹಾಗೆ ಅರಚುತ್ತಿದ್ದವು. ಇವುಗಳ ಮೂಲ ಮಂಗೋಲಿಯಾ, ಚೀನಾದ ಈಶಾನ್ಯ ಭಾಗಗಳ ಜೌಗುಗಳಲ್ಲಿ ಮರಿ ಮಾಡುವ ಕಾಡು ಹೆಬ್ಬಾತು. ಸಾವಿರಾರು ವರ್ಷ ಮನುಷ್ಯರ ಜೊತೆ ಬದುಕಿ ಮೈ ಭಾರವಾಗಿ, ದೂರ ಹಾರುವುದು ಬಿಟ್ಟುಹೋಗಿದೆ. ಪ್ರತಿ ಚಳಿಗಾಲಕ್ಕೆ ಹಿಮಾಲಯ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳು ಇವುಗಳ ನೆಂಟರೇ. ಅಲ್ಲಿ ಅವು ಹಿಂಡುಹಿಂಡಾಗಿ ಹೊಲಕ್ಕೆ ಇಳಿಯುವಾಗಲೂ ಸಂಸಾರ ಸಂಸಾರವಾಗಿಯೇ ಇರುತ್ತವೆ, ತಂದೆ ತಾಯಿ ಮರಿಗಳು ಚಳಿಗಾಲ ಪೂರ್ತಿ ಅಗಲುವುದಿಲ್ಲ. ಈ ಸಂಸಾರದ ಗುಣ ಸಾಕಿದ ಬಾತಿನಲ್ಲೂ ಹೋಗಿಲ್ಲ.

ಹೆಣ್ಣು ಬಾತು ಕೊಟ್ಟಿಗೆಯ ಮೂಲೆಯಲ್ಲಿ ದರಕು ಒಟ್ಟಿಕೊಂಡು, ತನ್ನ ಎದೆಯ ತುಪ್ಪಳ ಕಿತ್ತು ಹಾಸಿ ಕಾವಿಗೆ ಕೂತಿತ್ತು. ಬಾತಿನ ಮೊಟ್ಟೆ ಒಡೆಯಲು 28ರಿಂದ 30 ದಿನ ಬೇಕು. ಮರಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಹೊರಬಂದವು. ಅವು ಮೈ ಒಣಗಿಸಿಕೊಂಡು, ಕಾಲು ಗಟ್ಟಿ ಮಾಡಿಕೊಳ್ಳುವವರೆಗೆ ಕಾದು, ಮಾರನೇ ದಿನ ತಾಯಿ ಅವನ್ನು ಕರೆದುಕೊಂಡು ಅಂಗಳಕ್ಕೆ ಇಳಿಯಿತು. ಹುಟ್ಟಿದ ಮರುದಿನವೇ ಗರಿಕೆ ಚಿಗುರು ಕಿತ್ತು ತಿನ್ನುವ ಮರಿಗಳನ್ನು ಗೂಡಿನಲ್ಲಿ ಕೂಡಿಹಾಕಲು ಯಾವ ತಾಯಿಗೂ ಆಗುವುದಿಲ್ಲ. ಹಿಂದೆ ಒಂದು ಮೊಟ್ಟೆ ಉಳಿದಿತ್ತು.

ದರಕು ಗುಡಿಸಲು ಹೋದ ಅತ್ತೆ ಅದನ್ನು ಸೆರಗಿನಲ್ಲಿ ಇಟ್ಟುಕೊಂಡು ಬಂದರು. "ಇದರೊಳಗೆ ಜೀವ ಇದೆ, ಕೇಳು" ಅಂತ ನನ್ನ ಕಿವಿಗೆ ಹಿಡಿದರು. ತಣ್ಣಗಾಗಿದ್ದ ಚಿಪ್ಪು. ದಪ್ಪ ತುದಿಯಲ್ಲಿ ಒಂದು ಕಡೆ ಚಿಪ್ಪು ನಕ್ಷತ್ರದಂತೆ ಬಿರಿದಿತ್ತು. ಒಳಗಿಂದ ಎಲ್ಲೋ ದೂರದಲ್ಲಿ ಯಾರೋ ಸಿಳ್ಳೆ ಹಾಕಿದಷ್ಟು ಸಣ್ಣ ದನಿ. ಮೊಟ್ಟೆಯೊಳಗಿನ ಬಾತುಮರಿ ಒಡೆಯುವ ಮೊದಲೇ ಹೀಗೆ ಕೂಗುತ್ತದೆ, ತಾಯಿ ಹೊರಗಿಂದ ಗುಟುಗುಟು ಅಂತ ಉತ್ತರ ಕೊಡುತ್ತದೆ. ಈ ಮರಿಗೆ ಉತ್ತರ ಕೊಡಬೇಕಾದವಳು ಆಗಲೇ ಹಿಂಡು ಕಟ್ಟಿಕೊಂಡು ತೋಟದ ಅಂಚಿಗೆ ಹೋಗಿದ್ದಳು.

ಹಂಡೆಯ ಬದಿಯಲ್ಲಿ ಒಂದು ಹೆಡಿಗೆಗೆ ಮಡಿಸಿದ ಗೋಣಿ ಹಾಸಿ, ಬೆಚ್ಚನೆ ನೀರಿನಲ್ಲಿ ಹಿಂಡಿದ ಬಟ್ಟೆಯ ಮೇಲೆ ಮೊಟ್ಟೆ ಇಟ್ಟೆವು. ಆ ರಾತ್ರಿ ಸುಲಿತಕ್ಕೆ ಬಂದವರೆಲ್ಲ ಕೈ ಅಡಿಕೆಯ ಮೇಲೆ, ಕಣ್ಣು ಹೆಡಿಗೆಯ ಮೇಲೆ. ಅವರಲ್ಲೊಬ್ಬಳು ತಡೆಯಲಾರದೆ ಎದ್ದು, "ಅಮ್ಮಾ, ನಾನು ಚಿಪ್ಪು ಬಿಡಿಸ್ತೀನಿ, ಪಾಪ ಎಷ್ಟು ಒದ್ದಾಡ್ತದೆ" ಅಂದಳು. ಅತ್ತೆ, "ಸುಮ್ನಿರು ಮಾರಾಯ್ತಿ, ಅದನ್ನ ಕೀಳಬೇಡ" ಅಂತ ತಡೆದರು. ಅವರ ಮಾತು ಅನುಭವದ್ದು, ಕಾರಣ ಮೈಯೊಳಗಿನದು. ಮೊದಲ ಬಿರುಕು ಬಿದ್ದ ಮೇಲೆ ಮರಿ ಗಂಟೆಗಟ್ಟಲೆ ಸುಮ್ಮನಿರುತ್ತದೆ. ಆ ಹೊತ್ತಿನಲ್ಲಿ ಚಿಪ್ಪಿನ ಒಳಪೊರೆಯ ನಾಳಗಳ ರಕ್ತ ಹಿಂತಿರುಗಿ ಮರಿಯ ಮೈ ಸೇರುತ್ತಿರುತ್ತದೆ, ಉಳಿದ ಹಳದಿ ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಅವಸರಕ್ಕೆ ಚಿಪ್ಪು ಕಿತ್ತರೆ ನೆತ್ತರು ಹರಿದು ಮರಿ ಸಾಯುತ್ತದೆ. ಬೆಚ್ಚಗಿಡುವುದು, ಪೊರೆ ಒಣಗಿ ಮೈಗೆ ಅಂಟದ ಹಾಗೆ ಪಸೆ ಕಾಪಾಡುವುದು, ಇಷ್ಟೇ ನಮ್ಮ ಕೈಯಲ್ಲಿತ್ತು.

ಮಾರನೇ ದಿನ ಇಳಿಹೊತ್ತಿಗೆ ಕೊಕ್ಕಿನ ತುದಿಯ ಬಿಳಿ ಮೊನೆ ಚಿಪ್ಪಿನ ಸುತ್ತ ಕೊರೆಯುತ್ತ ಬಂತು. ಮುಚ್ಚಳ ಕಳಚಿಬಿದ್ದು, ಒದ್ದೆ ಮೈಯ ಒಂದು ಜೀವ ಗೋಣಿಯ ಮೇಲೆ ಉರುಳಿತು. ಕತ್ತು ಎತ್ತಲೂ ತ್ರಾಣವಿಲ್ಲ. ಒಲೆಯ ಬಿಸಿಗೆ ತುಪ್ಪಳ ಒಂದೊಂದೇ ಎಳೆ ಬಿಡಿಸಿಕೊಂಡು ಅರಳಿದಾಗ ಬೆನ್ನು ಕಂದು, ಹೊಟ್ಟೆ ಹಳದಿ. ಆದರೆ ನಿಲ್ಲಲು ಹೋದಾಗ ಎರಡು ಕಾಲೂ ಎರಡು ಕಡೆಗೆ ಜಾರಿದವು. ಎದೆ ನೆಲಕ್ಕೆ ಒತ್ತಿಕೊಂಡು, ಕಾಲು ಚಾಚಿ, ಹುಟ್ಟು ಹಾಕಿದಂತೆ ತೆವಳುತ್ತಿತ್ತು.

ತಾಲ್ಲೂಕಿನ ಪಶುವೈದ್ಯರಿಗೆ ಫೋನ್ ಮಾಡಿದೆ. ಒಂದು ಬಾತಿನ ಮರಿ ತಾನೆ ಎಂದು ಅವರು ಅಸಡ್ಡೆ ಮಾಡಲಿಲ್ಲ. ನನ್ನಿಂದ ಎಲ್ಲ ಕೇಳಿಕೊಂಡು, ಕಾಲಗಲಿಸಿದ ಮರಿಗೆ ಮೊದಲ ದಿನಗಳಲ್ಲೇ ಪಟ್ಟಿ ಕಟ್ಟಬೇಕು, ಮೂಳೆ ಕೀಲು ಗಟ್ಟಿಯಾದ ಮೇಲೆ ಏನು ಮಾಡಿದರೂ ಕಷ್ಟ ಅಂದರು. ಆ ರಾತ್ರಿ ಒಲೆಯ ಬೆಳಕಿನಲ್ಲಿ ಅತ್ತೆ ಮರಿಯನ್ನು ಅಂಗೈಯಲ್ಲಿ ಮಲಗಿಸಿಕೊಂಡರು, ನಾನು ಪಟ್ಟಿ ಕಟ್ಟಿದೆ. ಬೆರಳಗಲದ ಮೆತ್ತನೆ ಬ್ಯಾಂಡೇಜು. ಒಂದು ಕಾಲಿಗೆ ಸುತ್ತು, ನಡುವೆ ತಿರುವು, ಇನ್ನೊಂದು ಕಾಲಿಗೆ ಸುತ್ತು. ಪಾದ ಸೊಂಟದ ನೇರಕ್ಕೆ ಬರಬೇಕು, ಪುಟ್ಟ ಹೆಜ್ಜೆ ಇಡುವಷ್ಟು ಸಡಿಲವೂ ಬೇಕು. ಆ ಕಾಲಿನ ದಪ್ಪ ಎಷ್ಟು ಅಂತೀರಿ, ಸೋಗೆಯ ಕಡ್ಡಿಯಷ್ಟು. ಬಿಗಿ ಹೆಚ್ಚಾದರೆ ಪಾದ ಬಾತುಕೊಳ್ಳುತ್ತದೆ. ಹಾಗಾಗಿ ಬೆಳಿಗ್ಗೆ ಸಂಜೆ ಬೆರಳಿಗೂ ಬೆರಳಿಗೂ ನಡುವಿನ ಜಾಲಪೊರೆಯ ಬಣ್ಣ ನೋಡಿ, ಪಟ್ಟಿ ಬಿಚ್ಚಿ, ಕಾಲು ನೀವಿ ಮತ್ತೆ ಕಟ್ಟುತ್ತಿದ್ದೆ. ಮಗಳು ಹೆಡಿಗೆ ಇಕ್ಕಟ್ಟಾಯಿತೆಂದು ಮೊರ ತಂದಳು. ಅತ್ತೆ ಹಿಂದಕ್ಕೆ ಕಳಿಸಿದರು. ನುಣುಪಾದ ಯಾವುದರ ಮೇಲೂ ಈ ಮರಿಯನ್ನು ಬಿಡಬಾರದು, ಉಗುರಿಗೆ ಹಿಡಿತ ಸಿಕ್ಕರೆ ಮಾತ್ರ ತೊಡೆಗೆ ಬಲ ಬರುತ್ತದೆ. ಗೋಣಿಯ ನೇಯ್ಗೆ ಅದಕ್ಕೆ ಹೇಳಿ ಮಾಡಿಸಿದ್ದು.

ಮೊದಲ ವಾರ ಮರಿಗೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬಹುದು. ಇದನ್ನು ಅಳೆಯಲು ಮರಿಯನ್ನು ನೋಡಿದರೆ ಸಾಕು. ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ, ಮುದುಡಿಕೊಂಡು ಬಿಡದೆ ಕೂಗಿದರೆ ಚಳಿ, ಕತ್ತು ಚಾಚಿ ಮಲಗಿದರೆ ಹದ. ನೀರಿನ ವಿಷಯದಲ್ಲಿ ಬಲು ಎಚ್ಚರ ಬೇಕು. ಬಾಯಿಗೆ ಹನಿ ಬಿಟ್ಟರೆ ಶ್ವಾಸಕೋಶಕ್ಕೆ ಇಳಿದುಬಿಡಬಹುದು. ಕೊಕ್ಕಿನ ತುದಿಯನ್ನು ನೀರಿಗೆ ಮುಟ್ಟಿಸಿದರೆ ತಾನೇ ಕತ್ತೆತ್ತಿ ಕುಡಿಯುತ್ತದೆ. ಮೂಗಿನ ಹೊಳ್ಳೆ ಮುಳುಗುವಷ್ಟು ಆಳ ಇರಬೇಕು, ಈಜುವಷ್ಟು ಇರಬಾರದು. ಬಾತು ಅಂದ ಮೇಲೆ ನೀರಿಗೆ ಬಿಡಬಹುದು ಎಂದುಕೊಳ್ಳುವವರು ಬಹಳ. ಎಳೆಯ ಮರಿಯ ತುಪ್ಪಳಕ್ಕೆ ನೀರು ತಡೆಯುವ ಜಿಡ್ಡು ಹತ್ತುವುದು ಬಹುಪಾಲು ತಾಯಿಯ ಎದೆಯಡಿ ಉಜ್ಜಿ ಉಜ್ಜಿ. ತಾಯಿಯಿಲ್ಲದ ಮರಿ ನೀರಲ್ಲಿ ನೆನೆದು, ಚಳಿ ಹಿಡಿದು, ಗಂಟೆಗಳಲ್ಲಿ ಸಾಯಬಹುದು.

ಊಟಕ್ಕೆ ನೆನೆಸಿದ ನುಚ್ಚು, ಸಣ್ಣಗೆ ಹೆಚ್ಚಿದ ಗರಿಕೆ, ಜೊತೆಗೆ ಚಿಟಿಕೆ ಹೊಳೆ ಮರಳು. ವೈದ್ಯರು ಅದಕ್ಕೆ ನಯಾಸಿನ್ ಇರುವ ಬಿ-ಕಾಂಪ್ಲೆಕ್ಸ್ ಟಾನಿಕ್ ಸೇರಿಸಿದರು. ಬಾತಿನ ಮರಿಗೆ ಕೋಳಿಮರಿಗಿಂತ ಹೆಚ್ಚುಕಡಿಮೆ ಎರಡರಷ್ಟು ನಯಾಸಿನ್ ಬೇಕಂತೆ, ಬರೀ ನುಚ್ಚಿನಲ್ಲಿ ಅದು ಸಿಗುವುದಿಲ್ಲ, ಕೊರತೆ ಮೊದಲು ಕಾಣುವುದು ಕಾಲಿನಲ್ಲೇ. ಶೇಂಗಾ ಹಿಂಡಿ ಕೊಡುವುದಾದರೆ ಬೂಷ್ಟಿನ ವಾಸನೆಯೂ ಇರಬಾರದು ಎಂದು ಒತ್ತಿ ಹೇಳಿದರು. ಆ ಬೂಷ್ಟಿನ ವಿಷ ಬಾತಿನ ಜಾತಿಗೆ ತೀರಾ ಕೆಟ್ಟದ್ದು.

ಮರಿ ಕತ್ತೆತ್ತಿತು, ಕಣ್ಣರಳಿಸಿತು. ನನಗೆ ಹೊಸ ದಿಗಿಲು ಶುರುವಾದದ್ದು ಆಗ. ಮಗಳು ಮಾತಾಡಿದರೆ ಮರಿ ಸುಮ್ಮನಾಗುತ್ತಿತ್ತು, ಅವಳು ಎದ್ದುಹೋದರೆ ಕಿರುಚುತ್ತಿತ್ತು. ಅವಳಿಗೆ ಅದರಲ್ಲಿ ಹಿಗ್ಗೋ ಹಿಗ್ಗು. ಸುಲಿತದವರಿಗೂ ಅಷ್ಟೇ, ಒಬ್ಬೊಬ್ಬರೂ ಬಗ್ಗಿ ಮಾತಾಡಿಸಿಯೇ ಹೋಗುವುದು. ನನ್ನ ಮನಸ್ಸಿಗೆ ಬಂದದ್ದು ಕಾನ್ರಾಡ್ ಲೊರೆನ್ಜ್. ವಿಯೆನ್ನಾ ಹತ್ತಿರದ ಆಲ್ಟೆನ್‌ಬರ್ಗ್‌ನಲ್ಲಿ ಡ್ಯಾನ್ಯೂಬ್ ನದಿಯ ಬಳಿ ಹೆಬ್ಬಾತುಗಳ ಜೊತೆ ಬದುಕಿ ಅವುಗಳ ನಡವಳಿಕೆ ಬರೆದಿಟ್ಟವರು, 1973ರಲ್ಲಿ ನೊಬೆಲ್ ಪಡೆದವರು. ಒಮ್ಮೆ ಅವರ ಕಣ್ಣೆದುರೇ ಒಂದು ಮರಿ ಮೊಟ್ಟೆಯೊಡೆದು ಬಂತು, ಅವರ ಮುಖ ನೋಡಿತು. ಅದನ್ನು ಸಾಕುಬಾತಿನ ರೆಕ್ಕೆಯಡಿ ಸೇರಿಸಿ ಎದ್ದು ಹೊರಟರೆ, ಅಳುತ್ತ ಅವರ ಹಿಂದೆಯೇ ಓಡಿಬಂತು. ಮಾರ್ಟಿನಾ ಎಂದು ಹೆಸರಿಟ್ಟು ಅದನ್ನು ಅವರೇ ಬೆಳೆಸಬೇಕಾಯಿತು. ಹುಟ್ಟಿದ ಮೊದಲ ಗಂಟೆಗಳಲ್ಲಿ ಕಂಡು ಕೇಳಿದ ಜೀವವನ್ನೇ ಬಾತಿನ ಮರಿ ತನ್ನವರೆಂದು ಒಪ್ಪಿಬಿಡುತ್ತದೆ. ಲೊರೆನ್ಜ್‌ಗೆ ಅದು ವಿಜ್ಞಾನವಾಯಿತು. ನಮ್ಮ ಅಂಗಳದಲ್ಲೋ ಇದರ ತಾಯಿ ಬದುಕಿದ್ದಳು, ತಂದೆ ಇದ್ದ, ಒಡಹುಟ್ಟಿದವಿದ್ದವು. ಕಾಲು ನೆಟ್ಟಗೆ ಮಾಡಿ ಮರಿಯನ್ನು ಮನುಷ್ಯರ ಹಿಂದೆ ತಿರುಗುವ ಅನಾಥ ಮಾಡಿದರೆ ನಾವು ಉಳಿಸಿದ್ದು ಏನನ್ನು?

ಉಪಾಯ ಹೊಳೆದದ್ದು ಅತ್ತೆಗೆ. ಸುಲಿತದ ಮನೆಗೂ ಬಾತು ಮಲಗುವ ಕೊಟ್ಟಿಗೆಗೂ ನಡುವೆ ಇದ್ದದ್ದು ಅಡಿಕೆ ದಬ್ಬೆಯ ತಡಿಕೆ ಮಾತ್ರ. ಹೆಡಿಗೆಯನ್ನು ಒಲೆಯ ಬದಿಯಿಂದ ಎತ್ತಿ ತಡಿಕೆಗೆ ಒತ್ತಿ ಇಟ್ಟರು. ಅಲ್ಲಿಗೆ ಬಿಸಿ ಸಾಲದು, ಅದಕ್ಕೆ ಬಿಸಿನೀರು ತುಂಬಿದ ಬಾಟಲಿಗಳಿಗೆ ಹಳೇ ಪಂಚೆ ಸುತ್ತಿ ಎರಡು ಪಕ್ಕಕ್ಕೂ ಇಟ್ಟೆವು. ಮಗಳಿಗೆ, ಸುಲಿತದವರಿಗೆ, ಎಲ್ಲರಿಗೂ ಒಂದೇ ಕಟ್ಟಪ್ಪಣೆ: ಮರಿಯ ಹತ್ತಿರ ಮಾತಿಲ್ಲ. ಮಗಳು ಕಣ್ಣು ತುಂಬಿಕೊಂಡಳು, ಆದರೂ ಪಾಲಿಸಿದಳು. ನಾನು ಉಣಿಸುವಾಗ ಕೈ ಮಾತ್ರ ಒಳಗೆ ಹೋಗುತ್ತಿತ್ತು, ಮುಖ ತೋರಿಸುತ್ತಿರಲಿಲ್ಲ. ರಾತ್ರಿ ಮರಿ ಕೂಗಿದಾಗ ಮೊದಮೊದಲು ಆಚೆ ಕಡೆ ಏನೂ ಕೇಳಿಸಲಿಲ್ಲ. ಆಮೇಲೊಂದು ರಾತ್ರಿ, ಚೊಗರು ಕುದಿಯುವ ಸದ್ದಿನ ನಡುವೆ, ತಡಿಕೆಯ ಆಚೆಯಿಂದ ಗಂಟಲೊಳಗಿನ ಗುಟುಗುಟು ಬಂತು. ಮರಿ ಸಣ್ಣಗೆ ಎರಡು ಸಲ ಉತ್ತರಿಸಿತು. ಸುಲಿಯುತ್ತಿದ್ದವರ ಕೈಗಳೆಲ್ಲ ನಿಂತುಬಿಟ್ಟವು.

ಹಗಲು ಬಿಸಿಲೇರಿದ ಮೇಲೆ ಅಂಗಳದ ಹುಲ್ಲಿನ ಮೇಲೆ ಮರಿಯನ್ನು ಬಿಟ್ಟು, ಮೇಲೆ ಬಿದಿರಿನ ಕುಕ್ಕೆ ಕವುಚಿ ಹಾಕುತ್ತಿದ್ದೆವು. ಕಾಗೆ, ಗಿಡುಗ, ಮುಂಗುಸಿಯ ಭಯಕ್ಕೆ ಅದು ಬೇಕೇ ಬೇಕು. ಗಂಡುಬಾತು ಮೊದಲು ಬಂದದ್ದು ನಮ್ಮನ್ನು ಓಡಿಸಲು. ಕತ್ತು ನೆಲಕ್ಕೆ ಚಾಚಿ, ಬುಸುಗುಟ್ಟಿ, ಕುಕ್ಕೆಯ ಪಕ್ಕ ನಿಂತುಕೊಂಡಿತು. ತಾಯಿ ಬಿದಿರಿನ ಸಂದಿಯಲ್ಲಿ ಕೊಕ್ಕು ತೂರಿಸಿ ಮರಿಯ ಬೆನ್ನು ಮುಟ್ಟಿ ನೋಡಿತು. ಕುಟುಕುತ್ತದೆಯೋ ಎಂದು ನಾನು ಕೋಲು ಹಿಡಿದು ಕಾಯುತ್ತಿದ್ದೆ, ಕುಟುಕಲಿಲ್ಲ. ಬರಬರುತ್ತ ಉಳಿದ ಮರಿಗಳು ಮೇದು ದಣಿದಾಗ ಕುಕ್ಕೆಗೆ ಆತುಕೊಂಡೇ ಮಲಗತೊಡಗಿದವು. ಒಳಗಿದ್ದದ್ದು ಅವುಗಳ ಮೈಗೆ ತಾಗುವ ಕಡೆಗೇ ಸರಿದು ಮಲಗುತ್ತಿತ್ತು. ಪಟ್ಟಿಯ ಕಾಲಿನಲ್ಲೇ ಅದು ಎದ್ದು ನಿಂತದ್ದೂ ಅಲ್ಲೇ, ಆಚೆ ಕಡೆ ನಡೆಯುತ್ತಿದ್ದವನ್ನು ಹಿಂಬಾಲಿಸಿ ಕುಕ್ಕೆಯೊಳಗೆ ಸುತ್ತು ಹಾಕುತ್ತ.

ಪಟ್ಟಿ ಬಿಚ್ಚಿದ ಮೇಲೂ ಕಾಲು ಜಾರದೆ ನಿಂತಿತು. ಎಡಪಾದ ಮಾತ್ರ ಕೊಂಚ ಒಳಕ್ಕೆ ತಿರುಗಿತ್ತು. ಆ ಸಂಜೆ ಕತ್ತಲಾಗುವವರೆಗೆ ಕಾದು, ದೀಪ ಹಿಡಿಯದೆ ಅತ್ತೆ ಕೊಟ್ಟಿಗೆಗೆ ಹೋದರು. ನಾನು ಬಾಗಿಲಲ್ಲಿ ನಿಂತಿದ್ದೆ. ಗಂಡು ಒಮ್ಮೆ ಬುಸುಗುಟ್ಟಿತು. ಅತ್ತೆ ಬಗ್ಗಿ, ತಾಯಿಯ ರೆಕ್ಕೆಯ ಅಂಚಿಗೆ ಮರಿಯನ್ನು ಬಿಟ್ಟು ಕೈ ತೆಗೆದರು. ಗರಿ ಸರಿದ ಸದ್ದು, ಮರಿಗಳು ಜಾಗ ಮಾಡಿಕೊಳ್ಳುವ ಕಿಚಿಕಿಚಿ, ಆಮೇಲೆ ತಾಯಿಯ ಅದೇ ಗುಟುಗುಟು. "ಸೇರಿಸಿಕೊಂಡಳು" ಅಂದರು ಅತ್ತೆ. ಅವರ ದನಿ ನಡುಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಬೆಳಿಗ್ಗೆ ಸಾಲಿನ ಕೊನೆಯಲ್ಲಿ, ಎಡಗಾಲು ತುಸು ವಾಲಿಸಿಕೊಂಡು, ಅದು ಅಂಗಳ ದಾಟಿ ತೋಟಕ್ಕೆ ಇಳಿಯಿತು. ಮಗಳು ಜಗುಲಿಯಿಂದ ಕರೆದಳು. ತಿರುಗಿ ನೋಡಲಿಲ್ಲ. ಅವಳು ಸ್ವಲ್ಪ ಹೊತ್ತು ನಿಂತು, "ಒಳ್ಳೇದೇ ಆಯ್ತಲ್ಲಾ ಅಮ್ಮ?" ಅಂತ ಕೇಳಿದಳು. ಹೌದು ಅಂದೆ, ಪೂರ್ಣ ಮನಸ್ಸಿನಿಂದ.

ಯುಗಾದಿ ಕಳೆಯುವಷ್ಟರಲ್ಲಿ ತುಪ್ಪಳ ಉದುರಿ ಗರಿ ತುಂಬಿತು. ಅದು ಹೆಣ್ಣು. ಮುಂದೆ ಅದೇ ಕೊಟ್ಟಿಗೆಯಲ್ಲಿ ಮೊಟ್ಟೆಯಿಟ್ಟು ಕಾವಿಗೂ ಕೂತಿತು. ಅದರ ಮರಿಗಳು ಈಗ ಊರಿನ ನಾಲ್ಕಾರು ಮನೆಗಳಲ್ಲಿವೆ, ಹಾಗಾಗಿ ಸುಲಿತದ ಕಾಲ ಬಂತೆಂದರೆ ಅತ್ತೆಗೆ ಫೋನ್ ಬರುವುದೂ ಉಂಟು. ಮೊನ್ನೆ ಹೊಳೆಯಾಚೆಯ ಮನೆಯ ಸೊಸೆ ಕರೆದಿದ್ದಳು. ಏಳಲಾರದ ಮರಿಯೊಂದನ್ನು ಒಳಗೆ ತಂದು, ಗೋಣಿ ಹಾಸಿ, ಒಲೆಯ ಬದಿಗೆ ಇಟ್ಟಿದ್ದಾಳಂತೆ, ನುಚ್ಚು ನೆನೆಹಾಕಿದ್ದಾಳಂತೆ. ಅತ್ತೆ ಎಲ್ಲ ಕೇಳಿಸಿಕೊಂಡು, "ಅದೆಲ್ಲ ಸರಿ ಮಗಾ, ಅದರ ತಾಯಿ ಎಲ್ಲಿ ಮಲಗ್ತದೆ? ಬುಟ್ಟಿ ಅವಳಿಗೆ ಕೇಳುವಷ್ಟು ಹತ್ತಿರ ಇಟ್ಟಿದ್ದೀಯಾ?" ಅಂದರು.